ಇನ್ನೊಂದು ಅಧ್ಯಾಯ ಓದಿ ನೋಡಿ

ಪ್ರಶ್ನೆ: ಮೈಸೂರಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಅಮೆರಿಕದ ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್ ಅವರ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಸಿಕ್ಕಿತು. ಪಿಯುಸಿ ಓದುತ್ತಿರುವ ಮೊಮ್ಮಗಳಿಗೆ ಕೊಡುವ ಮುನ್ನ ನಾನೇ ಓದತೊಡಗಿದೆ. ಭಾಷೆ ಭಾರವಾಗಿ, ಎರಡು ಅಧ್ಯಾಯ ಮುಗಿಯುವುದರೊಳಗೆ ಸಾಕಾಯಿತು. ಸಾಲದ್ದಕ್ಕೆ, ಅಲ್ಲಿನ ಮೂಲನಿವಾಸಿಗಳನ್ನು ಮಾತುಮಾತಿಗೂ ಅನಾಗರಿಕರೆಂದು ಕರೆಯಲಾಗಿದೆ. ಇಂಥ ಪುಸ್ತಕವನ್ನು ಈಗ ಓದಬೇಕೆ?
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಇನ್ನೊಂದೇ ಅಧ್ಯಾಯ ಓದಿ, ಆಮೇಲೆ ತೀರ್ಮಾನಿಸಿ. ಮೂರನೆಯ ಅಧ್ಯಾಯದಲ್ಲಿ ಬಿಳಿಯ ಬೇಟೆಗಾರ ಹಾಕ್‌ಐ ಮತ್ತು ಮೊಹಿಕನ್ನರೆಂಬ ಮೂಲನಿವಾಸಿ ಬುಡಕಟ್ಟಿನ ಹಿರಿಯ ಚಿಂಗಾಚ್‌ಗುಕ್ ತೊರೆಯ ದಡದಲ್ಲಿ ಆ ನೆಲದ ಹಕ್ಕನ್ನು ಕುರಿತು ವಾದಿಸುತ್ತಾರೆ. ಯೋಧನ ಕಲ್ಲುಮೊನೆಯ ಬಾಣಕ್ಕೂ ನೀವು ಕೊಲ್ಲಲು ಬಳಸುವ ಸೀಸದ ಗುಂಡಿಗೂ ವ್ಯತ್ಯಾಸವಿಲ್ಲವೇ ಎಂದು ಚಿಂಗಾಚ್‌ಗುಕ್ ಕೇಳಿದಾಗ, ತನ್ನವರ ಒಂದು ರೂಢಿ ತನಗೂ ಹಿಡಿಸದೆಂದು ಹಾಕ್‌ಐ ಒಪ್ಪಿಕೊಳ್ಳುತ್ತಾನೆ: ಅವರು ಮಾಡಿದ್ದನ್ನು, ಕಂಡದ್ದನ್ನು ಊರವರ ಮುಂದೆ ಹೇಳದೆ ಪುಸ್ತಕದಲ್ಲಿ ಬರೆದಿಡುತ್ತಾರೆ, ಊರಲ್ಲಿ ಹೇಳಿದ್ದರೆ ಬಡಾಯಿಕೋರನಿಗೆ ಅದು ಸುಳ್ಳೆಂದು ಮುಖಕ್ಕೇ ಹೇಳಬಹುದಿತ್ತು. ಕೂಪರ್ ಅವರನ್ನು ಪ್ರಶ್ನಿಸುವ ದಾರಿಯನ್ನು ಅವರ ಪಾತ್ರವೇ ನಮಗೆ ತೋರಿಸಿಕೊಟ್ಟಿದೆ.

ಆ ದಾರಿ ಹಿಡಿದರೆ ಪುಸ್ತಕ ಬೇರೆಯೇ ಆಗಿ ಕಾಣುತ್ತದೆ. 1826ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ 1757ರದು. ಆ ವರ್ಷ ಬ್ರಿಟಿಷರ ಫೋರ್ಟ್ ವಿಲಿಯಂ ಹೆನ್ರಿ ಕೋಟೆ ಫ್ರೆಂಚರಿಗೆ ಶರಣಾಯಿತು ಮತ್ತು ಹೊರಟು ನಿಂತವರ ಮೇಲೆ ಫ್ರೆಂಚರ ಜೊತೆಗಿದ್ದ ಮೂಲನಿವಾಸಿ ಯೋಧರು ಎರಗಿದರು. ಸತ್ತವರು ಐನೂರರಿಂದ ಸಾವಿರದ ಐನೂರು ಎನ್ನುತ್ತಾರೆ ಕೂಪರ್. ದಾಖಲೆಗಳನ್ನು ಕೆದಕಿದ ಈಚಿನ ಇತಿಹಾಸಕಾರರ ಲೆಕ್ಕ ಇನ್ನೂರನ್ನೂ ಮುಟ್ಟುವುದಿಲ್ಲ. ಶ್ರೀರಂಗಪಟ್ಟಣದ 1799ರ ಮುತ್ತಿಗೆಯನ್ನು ಬಹುಕಾಲ ಮುತ್ತಿದವರ ಬರವಣಿಗೆಯಲ್ಲೇ ಓದಿಕೊಂಡು ಬಂದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೀರ್ಷಿಕೆಯ ‘ಕೊನೆಯವನು’ ಎಂಬುದೂ ಅಂಥದ್ದೇ: ಮೊಹಿಕನ್ನರ ವಂಶಸ್ಥರು ಇಂದಿಗೂ ವಿಸ್ಕಾನ್ಸಿನ್ ರಾಜ್ಯದಲ್ಲಿ ಸ್ಟಾಕ್‌ಬ್ರಿಜ್-ಮನ್ಸೀ ಸಮುದಾಯವಾಗಿ ಬದುಕಿದ್ದಾರೆ.

ಖಳನಾದ ಮೂಲನಿವಾಸಿ ಮಾಗುವಾನ ಮಾತನ್ನೂ ನಿಧಾನವಾಗಿ ಓದಿ. ಕುಡಿದು ಬಂದನೆಂದು ಆ ಕೋಟೆಯ ಬ್ರಿಟಿಷ್ ದಳಪತಿ ಕರ್ನಲ್ ಮನ್ರೊ ಅವನಿಗೆ ಚಾವಟಿಯೇಟು ಹಾಕಿಸಿರುತ್ತಾನೆ. ಆ ಬೆಂಕಿನೀರನ್ನು ಕೊಟ್ಟವರಾರು, ತನ್ನನ್ನು ದುಷ್ಟನನ್ನಾಗಿ ಮಾಡಿದವರಾರು ಎಂದು ಅವನು ಮನ್ರೊನ ಮಗಳನ್ನೇ ಕೇಳುತ್ತಾನೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯಲ್ಲಿ ಅತ್ಯಂತ ಜೀವಂತವಾದ ದನಿ ಅವನದೇ. ತನ್ನ ರಕ್ತದಲ್ಲಿ ಬೆರಕೆಯಿಲ್ಲವೆಂದು ಹಾಕ್‌ಐ ಪದೇ ಪದೇ ಹೇಳಿಕೊಳ್ಳುವುದು ಮಾತ್ರ ನನಗೂ ಸಹಿಸಲು ಕಷ್ಟವೆನಿಸಿತು.

ಭಾಷೆ ಭಾರವೆಂಬ ನಿಮ್ಮ ದೂರು ನ್ಯಾಯವಾದದ್ದೇ. ಕೂಪರ್ ಅವರ ಕಾಡಿನಲ್ಲಿ ಬೇಕೆಂದಾಗಲೆಲ್ಲ ಯಾರಾದರೊಬ್ಬರು ಒಣಕಡ್ಡಿ ತುಳಿದು ಸದ್ದು ಮಾಡುತ್ತಾರೆಂದು ಮಾರ್ಕ್ ಟ್ವೇನ್ 1895ರಲ್ಲೇ ಗೇಲಿ ಮಾಡಿದ್ದರು. ಮೊಮ್ಮಗಳಿಗೆ ಪುಸ್ತಕ ಕೊಡಿ. ಮೂರನೆಯ ಮತ್ತು ಮಾಗುವಾನ ಆ ಮಾತು ಬರುವ ಹನ್ನೊಂದನೆಯ ಅಧ್ಯಾಯಗಳಲ್ಲಿ ಒಂದೊಂದು ಚೀಟಿ ಇಟ್ಟಿರಿ. ಆರಂಭದ ಭೂವರ್ಣನೆಯನ್ನು ಆಕೆ ಹಾರಿಸಿ ಓದಿದರೆ ಮೇಷ್ಟರು ಬೇಸರಪಡಬಾರದು.