ಜೈಪುರದಲ್ಲಿ ಕೊಂಡ ಸೂರ್ಯ ಗಡಿಯಾರವನ್ನು ಮೆಲ್ಬರ್ನ್‌ನಲ್ಲಿ ದಕ್ಷಿಣಕ್ಕೆ ತಿರುಗಿಸಿ ಇಟ್ಟರೆ ಸಾಕಾ?

ಸಾಲದು. ನಾವೂ ಮೆಲ್ಬರ್ನ್‌ನವರೇ. ಜೈಪುರದಿಂದಲೇ ಹಿತ್ತಾಳೆಯದು ತಂದು ಹಿತ್ತಲಲ್ಲಿ ಹೀಗೇ ಕೂರಿಸಿದ್ದೆವು. ಅಲ್ಲಿನ ಜಂತರ್ ಮಂತರ್‌ನಲ್ಲಿ 27 ಮೀಟರ್ ಎತ್ತರದ ಸಮ್ರಾಟ್ ಯಂತ್ರ ನೋಡಿದವರಿಗೆ ಮನೆಗೊಂದು ಬೇಕು ಅನಿಸುವುದು ಸಹಜ ಅಲ್ವಾ?

ಕೋನದ ಲೆಕ್ಕ ಸುಲಭ. ನೆರಳು ಬೀಳಿಸುವ ತಗಡಿನ ಓರೆ ಅಂಚು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಅಂದರೆ ಊರಿನ ಅಕ್ಷಾಂಶ ಎಷ್ಟೋ ಅಷ್ಟು ಡಿಗ್ರಿ ಎದ್ದಿರಬೇಕು. ಜೈಪುರಕ್ಕೆ 27, ಇಲ್ಲಿಗೆ 38. ಹಾಗಾಗಿ ತಟ್ಟೆಯ ದಕ್ಷಿಣದ ಅಂಚಿಗೆ ಬೆಣೆ ಕೊಟ್ಟು 11 ಡಿಗ್ರಿ ಎತ್ತಿದೆವು. ಇಲ್ಲಿ ದಿಕ್ಸೂಚಿ ಸುಮಾರು 12 ಡಿಗ್ರಿ ಪೂರ್ವಕ್ಕೆ ವಾಲುತ್ತದೆ, ಅದನ್ನು ನಂಬದೆ ಸೂರ್ಯನ ನಡುಹಗಲು ನೋಡಿಯೇ ದಿಕ್ಕು ಹಿಡಿದೆವು. ನೆರಳು 12ರ ಗೆರೆಯ ಮೇಲೆ ಕರಾರುವಾಕ್ಕಾಗಿ ಬಿತ್ತು. ಅವತ್ತೇ ಕಾಂಕ್ರೀಟ್ ಸುರಿದೆವು.

ಮರುದಿನ ಬೆಳಿಗ್ಗೆ ಸೂರ್ಯನ ಲೆಕ್ಕದಲ್ಲಿ 9 ಆದಾಗ ನೆರಳು 3ರ ಮೇಲಿತ್ತು. 10ಕ್ಕೆ 2. 11ಕ್ಕೆ 1. 12ಕ್ಕೆ ಮತ್ತೆ ಸರಿ!

ಎಡವಿದ್ದು ಇಲ್ಲೇ. ಜೈಪುರದಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕಿರುತ್ತಾನೆ, ನೆರಳು ಪಶ್ಚಿಮದಿಂದ ಉತ್ತರ ಹಾದು ಪೂರ್ವಕ್ಕೆ ಹೋಗುತ್ತದೆ. ಅದು ಪ್ರದಕ್ಷಿಣೆ. ಇಲ್ಲಿ ಸೂರ್ಯ ಉತ್ತರಕ್ಕೆ, ನೆರಳು ದಕ್ಷಿಣ ಹಾದು ಹೋಗುತ್ತದೆ. ಅಪ್ರದಕ್ಷಿಣೆ. ತಟ್ಟೆಯನ್ನು ಹೇಗೇ ತಿರುಗಿಸಿ, ಅದರ ಮೇಲೆ ಕೆತ್ತಿದ ಅಂಕಿಗಳ ವರಸೆ ಬದಲಾಗುವುದಿಲ್ಲ. ಬೆಳಗಿನ ನೆರಳು ಮಧ್ಯಾಹ್ನದ ಅಂಕಿಗಳ ಮೇಲೆ ಬೀಳುತ್ತದೆ. ಎರಡೂ ಕಡೆಗೆ ಹೊಂದುವ ಗೆರೆ 12ರದ್ದು ಮಾತ್ರ. ನಾವು ಪರೀಕ್ಷೆ ಮಾಡಿದ್ದೂ ಅದೊಂದನ್ನೇ. ನೀವು 9ಕ್ಕೂ ನೋಡಿ, 3ಕ್ಕೂ ನೋಡಿ. ಕಾಂಕ್ರೀಟ್ ಒಡೆಯುವಾಗ ನಮ್ಮದರ ತಗಡು ಸೊಟ್ಟಗಾಯಿತು.

ಬೆಂಗಳೂರಿನಲ್ಲಾಗಿದ್ದರೆ ಉತ್ತರದ ಅಂಚನ್ನು 14 ಡಿಗ್ರಿ ತಗ್ಗಿಸಿದರೆ ಮುಗಿಯುತ್ತಿತ್ತು. ಗೋಳಾರ್ಧವೇ ಬದಲಾದಾಗ ಬೆಣೆಯೊಂದರಿಂದ ಆಗದು. ಅಂಕಿ ಅಳಿಸಿ ಕೆತ್ತಿಸುತ್ತೇನೆ ಅಂತ ಹೊರಡಬೇಡಿ, ಅಷ್ಟು ಚೆಂದದ ಕೆಲಸ ಹಾಳಾಗುತ್ತದೆ. ಅದು ಷೋಕೇಸಿನಲ್ಲಿರಲಿ.

ಇಲ್ಲಿಗೆ ಬೇರೆಯದೇ ಮಾಡಿ. ಒಂದು ದುಂಡು ಹಲಗೆ, ನಡುವೆ ನೆಟ್ಟಗೆ ಒಂದು ಸರಳು. ಸರಳು ನಿಜವಾದ ದಕ್ಷಿಣಕ್ಕೆ 38 ಡಿಗ್ರಿ ಎದ್ದಿರಲಿ. 15 ಡಿಗ್ರಿಗೊಂದು ಗಂಟೆ, ಅಷ್ಟೇ. ಮೇಲಿನ ಮುಖದಲ್ಲಿ ಅಂಕಿಗಳು ಅಪ್ರದಕ್ಷಿಣೆ, ಅಡಿ ಮುಖದಲ್ಲಿ ಪ್ರದಕ್ಷಿಣೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಮೇಲ್ಮುಖ ಓದಿ, ಉಳಿದ ಆರು ತಿಂಗಳು ಅಡಿ ಮುಖ.

ಕೈಗಡಿಯಾರಕ್ಕೆ ತಾಳೆಯಾಗಲಿಲ್ಲ ಅಂತ ಮಾತ್ರ ಅಲುಗಿಸಬೇಡಿ. ನಮ್ಮ ಊರು 145 ಡಿಗ್ರಿ ರೇಖಾಂಶದಲ್ಲಿದೆ, ಗಡಿಯಾರ ನಡೆಯುವುದು 150ರ ಲೆಕ್ಕದಲ್ಲಿ. ಅಲ್ಲೇ 20 ನಿಮಿಷ ಹೋಯಿತು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಜೊತೆಗೆ ಸೂರ್ಯನದ್ದೇ ಏರುಪೇರು. ಫೆಬ್ರವರಿ ನಡುವಿನಲ್ಲಿ ನೆರಳು 12ಕ್ಕೆ ಬಂದಾಗ ಕೈಗಡಿಯಾರ 1:34 ತೋರಿಸುತ್ತದೆ, ನವೆಂಬರ್ ಮೊದಲ ವಾರ 1:04. ಎರಡೂ ಸರಿಯೇ.