ಊದಿ ಅಂದಾಗ ಏನು ಮಾಡಬೇಕು?

ಪ್ರಶ್ನೆ: ಹನಿ ಮದ್ಯ ಮುಟ್ಟದವರೂ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿ ಹೊರಟರೆ ಪೊಲೀಸರು ಊದಿಸುವ ಮದ್ಯ ಪತ್ತೆ ಯಂತ್ರದಲ್ಲಿ ಸಿಕ್ಕಿಬೀಳುತ್ತಾರಂತೆ, ನಿಜವೇ? ಊದುವುದಿಲ್ಲ ಅನ್ನಬಹುದೇ?

ಉತ್ತರ: ನಿಜ, ಆದರೆ ಕೆಲವೇ ನಿಮಿಷಗಳ ಮಟ್ಟಿಗೆ. ಯಂತ್ರಕ್ಕೆ ಬೇಕಾದದ್ದು ಶ್ವಾಸಕೋಶದ ಆಳದ ಗಾಳಿ. ರಕ್ತದಲ್ಲಿರುವ ಮದ್ಯಸಾರ ಉಸಿರಿಗೆ ಸೇರುವುದು ಅಲ್ಲೇ. ನಿಲ್ಲಿಸದೆ, ಒಂದೇ ಸಮನೆ ಊದಿ ಎನ್ನುವುದು ಇದಕ್ಕೇ. ಅರ್ಧಕ್ಕೆ ಬಿಟ್ಟರೆ ಬಾಯಿಯ ಗಾಳಿ ಮಾತ್ರ ಹೋಗುತ್ತದೆ, ಯಂತ್ರ ಒಪ್ಪುವುದಿಲ್ಲ. ಒಳಗೆ ಪ್ಲಾಟಿನಂ ಲೇಪಿತ ತಟ್ಟೆಯ ಮೇಲೆ ಮದ್ಯಸಾರ ರಾಸಾಯನಿಕವಾಗಿ ಒಡೆದು ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದು ಹೆಚ್ಚಿದಷ್ಟೂ ಅಂಕಿ ಏರುತ್ತದೆ. 1 ಮಿಲಿಲೀಟರ್ ರಕ್ತದಲ್ಲಿರುವಷ್ಟೇ ಮದ್ಯಸಾರ 2,100 ಮಿಲಿಲೀಟರ್ ಉಸಿರಿನಲ್ಲೂ ಇರುತ್ತದೆ ಎಂಬುದು ಹಲವೆಡೆ ಬಳಕೆಯಲ್ಲಿರುವ ಲೆಕ್ಕ.

ಬಾಯಲ್ಲೇ ಮದ್ಯಸಾರ ಅಂಟಿಕೊಂಡಿದ್ದರೆ ಈ ಲೆಕ್ಕ ಬುಡಮೇಲು. ಮದ್ಯಸಾರವಿರುವ ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್ ಈ ಕೆಲಸ ಮಾಡುತ್ತವೆ. 15 ನಿಮಿಷದಲ್ಲಿ ಅದು ಆರಿಹೋಗುತ್ತದೆ. ಹಾಗಾಗಿ ಊದುವ ಮೊದಲೇ ವಿಷಯ ತಿಳಿಸಿ, ಅಷ್ಟು ಹೊತ್ತು ಕಾದು, ಹೊಸ ಕೊಳವೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಲು ಕೇಳಿ. ಅಂಕಿ ದಿಢೀರನೆ ಇಳಿದರೆ ಅದು ಬಾಯಿಯದ್ದು; ಹಾಗೇ ನಿಂತರೆ ರಕ್ತದ್ದು. ಪೆಪ್ಪರ್‌ಮಿಂಟ್ ಚೀಪಿದರೆ ವಾಸನೆ ಮುಚ್ಚೀತು, ಅಂಕಿ ಇಳಿಯದು.

ನಿರಾಕರಣೆ ಜಾಣತನವಲ್ಲ. ಭಾರತದ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಚಾಲಕ ಕುಡಿದಿದ್ದಾನೆಂದು ಶಂಕಿಸಲು ಸಕಾರಣವಿದ್ದರೆ ಸಮವಸ್ತ್ರದಲ್ಲಿರುವ ಪೊಲೀಸರು 203ನೇ ಕಲಂನಡಿ ಊದಿಸಬಹುದು. ಒಪ್ಪದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ತಮ್ಮ ಕಣ್ಣೆದುರೇ ಕುಡಿದು ಓಡಿಸುತ್ತಿದ್ದವರನ್ನು 202ರಡಿ ಹಿಡಿದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಯಾಗಬೇಕು, ಇಲ್ಲವಾದರೆ ಬಿಡಬೇಕು. ಹಿಡಿದ ಸಮಯ ಬರೆದಿಟ್ಟುಕೊಳ್ಳಿ, ವಕೀಲರು ಮೊದಲು ಕೇಳುವುದು ಅದನ್ನೇ. ಆಸ್ಟ್ರೇಲಿಯಾದಲ್ಲಂತೂ ಶಂಕೆಯೇ ಬೇಡ, ಯಾವ ಚಾಲಕನನ್ನಾದರೂ ನಿಲ್ಲಿಸಿ ಊದಿಸಬಹುದು.

ಪ್ರಶ್ನೆ: ನಿದ್ದೆ ಮಾತ್ರೆ, ಗಾಂಜಾ ಯಂತ್ರಕ್ಕೆ ಗೊತ್ತಾಗುತ್ತದೆಯೇ?

ಉತ್ತರ: ಇಲ್ಲ, ಈ ಯಂತ್ರ ಹುಡುಕುವುದು ಮದ್ಯಸಾರವನ್ನಷ್ಟೇ. ಗಾಂಜಾಗೆ ಕೆಲವು ದೇಶಗಳಲ್ಲಿ ಎಂಜಲು ಪರೀಕ್ಷೆ ಇದೆ. ಅಮಲು ಗುರುತಿಸಲು ಅಮೆರಿಕದ ಪೊಲೀಸರು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸುತ್ತ ಗೆರೆಯ ಮೇಲೆ 9 ಹೆಜ್ಜೆ ನಡೆದು ಹಿಂದಿರುಗಲು, 30 ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲಲು ಹೇಳುತ್ತಾರೆ. ಮಂಡಿನೋವಿದ್ದವರು ಇದನ್ನು ಮೊದಲೇ ಹೇಳುವುದು ಒಳಿತು, ಅವರ ತೂರಾಟಕ್ಕೂ ಅಮಲಿಗೂ ಸಂಬಂಧವಿರುವುದಿಲ್ಲ. ವೈದ್ಯರೇ ಬರೆದುಕೊಟ್ಟ ಮಾತ್ರೆ ಎಂಬುದು ರಕ್ಷಣೆಯಾಗದು: ಔಷಧದ ಪ್ರಭಾವದಿಂದ ವಾಹನ ಹಿಡಿತಕ್ಕೆ ಸಿಗದ ಸ್ಥಿತಿಯಲ್ಲಿ ಓಡಿಸುವುದೂ ಭಾರತದ ಅದೇ ಕಾಯ್ದೆಯ 185ನೇ ಕಲಂನ ಅಪರಾಧವೇ.