ಕಟ್ಟಿದವರು ಹೋದ ಮೇಲೂ ತಂಡ ಉಳಿಯಲು

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ರೋಬೊಕಾನ್ ಸ್ಪರ್ಧೆಗೆ ಹೋಗಬೇಕೆಂದು ಎರಡು ವರ್ಷಗಳ ಹಿಂದೆ ಕಾಲೇಜಿನಲ್ಲಿ ರೋಬಾಟಿಕ್ಸ್ ತಂಡ ಕಟ್ಟಿದೆ. ಈಗ ಹದಿನಾಲ್ಕು ಜನರಿದ್ದೇವೆ. ನಾನು ಹೊರಟ ಮೇಲೆ ತಂಡ ನಿಂತುಹೋಗುತ್ತದೆಂಬ ಆತಂಕ ಕಾಡುತ್ತಿದೆ. ಏನು ಮಾಡಲಿ?
— ಓದುಗ, ಹಾವೇರಿ

ಉತ್ತರ: ಈ ಆತಂಕ ನಿಮಗೆ ಕೊನೆಯ ಸೆಮಿಸ್ಟರಿನಲ್ಲಿ ಬರದೆ ಈಗಲೇ ಬಂದಿರುವುದು ತಂಡದ ಭಾಗ್ಯ. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದ (ಎಬಿಯು) ಆಶ್ರಯದಲ್ಲಿ 2002ರಲ್ಲಿ ಟೋಕಿಯೊದಲ್ಲಿ ಆರಂಭವಾದ ವಿದ್ಯಾರ್ಥಿಗಳ ರೋಬಾಟ್ ಸ್ಪರ್ಧೆಯಾದ ಎಬಿಯು ರೋಬೊಕಾನ್‌ನಲ್ಲಿ ಆತಿಥ್ಯ ವಹಿಸುವ ದೇಶ ಪ್ರತಿ ವರ್ಷವೂ ಹೊಸ ಆಟವನ್ನೇ ರೂಪಿಸುವುದರಿಂದ, ಈ ವರ್ಷದ ರೋಬಾಟ್ ಬರುವ ವರ್ಷಕ್ಕೆ ಹೆಚ್ಚು ಉಪಯೋಗಕ್ಕೆ ಬಾರದು. ಕಿರಿಯರ ಕೈಗೆ ದಾಟಬೇಕಾದದ್ದು ಕೆಲಸದ ತಿಳಿವಳಿಕೆ, ಅದರಲ್ಲೂ ಯಾರೂ ಬರೆದಿಡದ ಸಣ್ಣ ಸಂಗತಿಗಳು.

ನಾನು ಓದುತ್ತಿದ್ದಾಗ ನಮ್ಮ ತಂಡ ಕಟ್ಟಿದ ಹಿರಿಯರು ಊರು ಬಿಟ್ಟ ಬಳಿಕ, ರಜೆ ಮುಗಿಸಿ ಬಂದು ಬೀರು ತೆರೆದರೆ ಲಿಥಿಯಂ ಪಾಲಿಮರ್ ಬ್ಯಾಟರಿಗಳು ಪೂರಿಯಂತೆ ಉಬ್ಬಿದ್ದವು. ದೀರ್ಘಕಾಲ ಎತ್ತಿಡುವಾಗ ಪ್ರತಿ ಸೆಲ್ಲನ್ನೂ ಸುಮಾರು 3.8 ವೋಲ್ಟಿಗೆ ತಂದಿಡಬೇಕೆಂದು, 3 ವೋಲ್ಟಿಗಿಂತ ಕೆಳಗಿಳಿದರೆ ಅದು ಕೆಡುತ್ತದೆಂದು ಬಲ್ಲವರು ಅವರೊಬ್ಬರೇ ಆಗಿದ್ದರು. ಪ್ರೋಗ್ರಾಂ ಕೂಡ ಅವರ ಸ್ವಂತ ಲ್ಯಾಪ್‌ಟಾಪಿನಲ್ಲೇ ಹೊರಟುಹೋಗಿತ್ತು. ಅವರು ಬಹಳ ಒಳ್ಳೆಯವರು, ಕೇಳಿದ್ದಕ್ಕೆಲ್ಲ ಉತ್ತರಿಸುತ್ತಿದ್ದರು. ಆದರೆ ಏನು ಕೇಳಬೇಕೆಂಬುದೇ ನಮಗೆ ಗೊತ್ತಿರಲಿಲ್ಲ.

ಆದ್ದರಿಂದ ನೀವಿನ್ನೂ ಕಾಲೇಜಿನಲ್ಲಿರುವಾಗಲೇ, ಈ ಸಲದ ಸ್ಪರ್ಧೆಗೇ, ಎರಡನೇ ವರ್ಷದವರೊಬ್ಬರನ್ನು ನಾಯಕರನ್ನಾಗಿಸಿ ಪಕ್ಕಕ್ಕೆ ಸರಿಯಿರಿ. ಅವರು ಧನ ಋಣ ತಂತಿಗಳನ್ನು ಅದಲುಬದಲು ಮಾಡಿ ಮೋಟಾರ್ ಡ್ರೈವರ್ (ಮೋಟಾರಿಗೆ ಹರಿಯುವ ವಿದ್ಯುತ್ತನ್ನು ನಿಯಂತ್ರಿಸುವ ಬೋರ್ಡು) ಸುಟ್ಟರೆ ಸುಡಲಿ. ಏಕೆ ಸುಟ್ಟಿತೆಂದು ಜೊತೆಗೆ ಕೂತು ಹುಡುಕಲು ನೀವಿರುವ ವರ್ಷದಲ್ಲೇ ಅದು ಆಗಿಹೋಗುವುದು ಲೇಸು. ನೋಡುತ್ತ ಸುಮ್ಮನಿರುವುದು ನಿಮಗೆ ಬೆಸುಗೆಗಿಂತ ಕಷ್ಟದ ಕೆಲಸವಾದೀತು. ವೈರಿಂಗ್, ಪ್ರೋಗ್ರಾಂ, ಲೆಕ್ಕಪತ್ರ, ಹೀಗೆ ಪ್ರತಿ ಹೊಣೆಗೂ ಒಬ್ಬ ಹಿರಿಯ, ಒಬ್ಬ ಕಿರಿಯ ಜೊತೆಯಾಗಿರಲಿ. ಸುಟ್ಟದ್ದು, ಮುರಿದದ್ದು, ದುಡ್ಡು ದಂಡವಾದದ್ದು ಎಲ್ಲವನ್ನೂ ದಿನಾಂಕ ಸಹಿತ ಒಂದೇ ಪುಸ್ತಕದಲ್ಲಿ ಕಿರಿಯರೇ ಬರೆಯಲಿ.

ಹೊಸಬರನ್ನು ಆರಿಸುವಾಗ ಬೆಸುಗೆ ಬಲ್ಲವರಿಗಿಂತ ತಪ್ಪದೆ ಬರುವವರನ್ನು ನೆಚ್ಚಿಕೊಳ್ಳಿ. ಕೋಣೆಯನ್ನೂ ವಾರ್ಷಿಕ ಹಣವನ್ನೂ ನಿಮ್ಮ ಹೆಸರಿನಲ್ಲಿ ಪಡೆಯದೆ, ಅಧ್ಯಾಪಕರೊಬ್ಬರ ಮೂಲಕ ವಿಭಾಗದ ಬಜೆಟ್ಟಿನಲ್ಲೇ ಸೇರಿಸಲು ಕೇಳಿಕೊಳ್ಳಿ. ಬೀರುವಿನ ಕೀಲಿಯನ್ನು ಈ ವಾರವೇ ಹೊಸ ನಾಯಕರಿಗೆ ಕೊಟ್ಟುಬಿಡಿ.